ಕಾಲುಸಂಕದ ಆಚೆ ಇನ್ನೂರು ಕೋಳಿ: ರಿಪ್ಪನ್‌ಪೇಟೆ ಕಡೆಯ ಒಂದು ಪ್ರಕರಣ

ಅಡಿಕೆಗೆ ಎಲೆಚುಕ್ಕೆ ರೋಗ ಬಂದ ಮೇಲೆ ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. ತೋಟ ಒಂದನ್ನೇ ನಂಬಿಕೊಂಡು ಕೂತರೆ ಆಗಲ್ಲ ಅಂತ. ಆ ಮಾತಿನ ಬೆನ್ನಿಗೇ ಕೋಳಿ ಬರುತ್ತದೆ. ದನ ಸಾಕಲು ಹುಲ್ಲು ಬೇಕು, ಜಾಗ ಬೇಕು, ಬೆಳಿಗ್ಗೆ ಸಂಜೆ ಹಾಲು ಕರೆಯುವ ಕೈ ಬೇಕು. ಕೋಳಿಯಾದರೆ ಎಲ್ಲರ ಮನೆಯಲ್ಲೂ ಇರುವಂಥದ್ದು, ಎಲ್ಲರಿಗೂ ಗೊತ್ತಿರುವಂಥದ್ದು. ನಲವತ್ತೇ ದಿನಕ್ಕೆ ದುಡ್ಡು ಅಂತ ಯೂಟ್ಯೂಬ್ ಬೇರೆ ದಿನಾ ಹೇಳುತ್ತದೆ.

ಇಲ್ಲಿ ಬರೆದಿರುವುದು ಆ ದಾರಿ ಹಿಡಿದ ಒಬ್ಬ ಹುಡುಗನ ಪ್ರಕರಣ. ಯಾರ ಗುರುತೂ ಸಿಗದಿರಲಿ ಅಂತ ರಿಪ್ಪನ್‌ಪೇಟೆ ಸುತ್ತಿನ ಒಂದೆರಡು ಮನೆಗಳ ಅನುಭವವನ್ನು ಒಂದೇ ಮನೆಯದಾಗಿ ಸೇರಿಸಿದ್ದೇನೆ. ಲೆಕ್ಕವನ್ನೂ ಚಿಲ್ಲರೆ ಬಿಟ್ಟು ಹೇಳುತ್ತೇನೆ. ಹೆಸರು ಬೇಡ, ಹುಡುಗ ಅಂತಲೇ ಇರಲಿ.

ಮನೆಗೆ ಒಂದೂವರೆ ಎಕರೆ ಅಡಿಕೆ, ಊಟಕ್ಕಾಗುವಷ್ಟು ಗದ್ದೆ. ಹುಡುಗ ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕಿದ್ದ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದ. ಅಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾಗಿ ತೋಟಕ್ಕೆ ಇಳಿಯುವುದು ಕಷ್ಟವಾಯಿತು. ವಾಪಸ್ ಹೋಗಲು ಆಗಲಿಲ್ಲ. ಮನೆ ಇರುವುದು ಹಳ್ಳದ ಆಚೆ. ಬೇಸಿಗೆಯಲ್ಲಿ ಜೀಪು ಹಳ್ಳಕ್ಕಿಳಿದು ಬರುತ್ತದೆ, ಮಳೆಗಾಲದಲ್ಲಿ ನಡೆದು ದಾಟುವ ಕಿರಿದಾದ ಕಾಲುಸಂಕವೇ ಗತಿ. ಈ ಕಾಲುಸಂಕವನ್ನು ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣದ ಅರ್ಧ ಅದರ ಮೇಲೇ ನಿಂತಿದೆ.

ಮೊದಲ ಯೋಚನೆ: ಐದು ಸಾವಿರ ಬ್ರಾಯ್ಲರ್

ಎಲ್ಲರಂತೆ ಅವನೂ ಮೊದಲು ಯೋಚಿಸಿದ್ದು ಕಂಪನಿ ಕೋಳಿಯನ್ನೇ. ವ್ಯವಸ್ಥೆ ಹೀಗಿರುತ್ತದೆ. ಮರಿ, ಆಹಾರ, ಔಷಧಿ ಎಲ್ಲ ಕಂಪನಿಯದು. ಶೆಡ್, ಕರೆಂಟು, ನೀರು, ನೆಲಕ್ಕೆ ಹಾಸುವ ಭತ್ತದ ಹೊಟ್ಟು, ಹಗಲು ರಾತ್ರಿ ನೋಡಿಕೊಳ್ಳುವ ಕೆಲಸ ನಮ್ಮದು. ಸುಮಾರು ನಲವತ್ತು ದಿನಕ್ಕೆ ಕೋಳಿ ಎರಡು ಕಿಲೋ ಆಗುತ್ತದೆ. ಕಂಪನಿ ತೂಕ ಮಾಡಿ ಒಯ್ದು ಕಿಲೋಗೆ ಇಷ್ಟು ಅಂತ ಸಾಕಣೆ ದುಡ್ಡು ಕೊಡುತ್ತದೆ. ಮಾರ್ಕೆಟ್ ಬಿದ್ದರೆ ಆ ಹೊಡೆತ ನೇರವಾಗಿ ನಮಗೆ ತಾಗುವುದಿಲ್ಲ. ಆದರೆ ಸತ್ತ ಕೋಳಿ ಎಷ್ಟು, ತಿಂದ ಆಹಾರಕ್ಕೆ ಬಂದ ತೂಕ ಎಷ್ಟು ಅನ್ನುವುದರ ಮೇಲೆ ನಮ್ಮ ದುಡ್ಡು ಏರುತ್ತದೆ, ಇಳಿಯುತ್ತದೆ.

ಬ್ರಾಯ್ಲರ್‌ಗೆ ತಲಾ ಒಂದು ಚದರ ಅಡಿ ಜಾಗ ಅಂತ ಹಿಡಿದರೆ ಐದು ಸಾವಿರಕ್ಕೆ ಐದು ಸಾವಿರ ಅಡಿ ಶೆಡ್ ಬೇಕು. ಕೈಯಿಂದ ಹಾಕುವುದನ್ನು ಬಿಟ್ಟು 12 ಲಕ್ಷ ಸಾಲ ಅಂದುಕೊಂಡ. ಏಳು ವರ್ಷಕ್ಕೆ, ಶೇಕಡ 11ರ ಬಡ್ಡಿಯಲ್ಲಿ ಕಂತು ತಿಂಗಳಿಗೆ ಇಪ್ಪತ್ತು ಸಾವಿರ ದಾಟುತ್ತದೆ. ಇನ್ನು ಆದಾಯ. ಐದು ಸಾವಿರದಲ್ಲಿ ಇನ್ನೂರು ಸತ್ತವು ಅಂತಿಟ್ಟುಕೊಳ್ಳಿ. ಉಳಿದ 4,800 ಕೋಳಿ ಎರಡೆರಡು ಕಿಲೋ ತೂಗಿದರೆ 9,600 ಕಿಲೋ. ಕಿಲೋಗೆ 7 ರೂಪಾಯಿ ಹಿಡಿದರೆ ಒಂದು ಬ್ಯಾಚಿಗೆ 67 ಸಾವಿರ. ನಡುವೆ ಶೆಡ್ ತೊಳೆದು ಸುಣ್ಣ ಬಳಿದು ಖಾಲಿ ಬಿಡುವ ದಿನಗಳನ್ನು ಕಳೆದರೆ ವರ್ಷಕ್ಕೆ ಆರು ಬ್ಯಾಚ್, ಅಂದರೆ ನಾಲ್ಕು ಲಕ್ಷ. ಅದರಲ್ಲಿ ಎರಡೂವರೆ ಲಕ್ಷದ ಹತ್ತಿರ ಕಂತಿಗೆ ಹೋಯಿತು. ಹೊಟ್ಟು, ಕರೆಂಟು, ಇದ್ದಿಲು, ಕೋಳಿ ಹಿಡಿಯುವ ದಿನದ ಆಳು ಅಂತ ಬ್ಯಾಚಿಗೆ 12 ಸಾವಿರ ತೆಗೆದರೆ ವರ್ಷಕ್ಕೆ 72 ಸಾವಿರ. ಕೊನೆಗೆ ಕೈಗೆ ಸಿಗುವುದು ಎಂಬತ್ತು ಎಂಬತ್ತೈದು ಸಾವಿರ. ತಿಂಗಳಿಗೆ ಏಳು ಸಾವಿರ ಅಂದುಕೊಳ್ಳಿ.

ಏಳು ವರ್ಷ ಕಳೆದು ಸಾಲ ತೀರಿದ ಮೇಲೆ ಚಿತ್ರ ಬೇರೆ, ಅದನ್ನೂ ಹೇಳಬೇಕು. ಆಗ ಅದೇ ಶೆಡ್ಡು ವರ್ಷಕ್ಕೆ ಮೂರು ಲಕ್ಷದ ಮೇಲೆ ಕೊಡಬಹುದು. ಶಿಕಾರಿಪುರದ ಕಡೆ, ಭದ್ರಾವತಿಯ ಕಡೆ ರಸ್ತೆ ಬದಿಯ ಬಯಲಲ್ಲಿ ಶೆಡ್ ಹಾಕಿದವರಿಗೆ ಈ ಲೆಕ್ಕ ಕೂಡಿಬರಬಹುದು. ಈ ಹುಡುಗನಿಗೆ ಕೂಡಿಬರಲಿಲ್ಲ, ಕಾರಣ ಕಾಲುಸಂಕ. ಆಹಾರದ ಲಾರಿ ಬರಬೇಕು, ಕೋಳಿ ಒಯ್ಯುವ ಲಾರಿ ರಾತ್ರಿ ಹೊತ್ತಲ್ಲಿ ಬಂದು ಹೋಗಬೇಕು. ಜಾಗ ನೋಡಲು ಬಂದ ಸೂಪರ್‌ವೈಸರ್ ಹಳ್ಳದ ದಡದಲ್ಲೇ ನಿಂತು, "ಜೂನ್‌ನಲ್ಲಿ ಇಲ್ಲಿಗೆ ಲಾರಿ ಹೆಂಗ್ ಬರತ್ತೆ?" ಅಂತ ಕೇಳಿ ಹೊರಟುಹೋದ. ಹುಡುಗನಿಗೆ ಬೇಜಾರಾಯಿತು. ನನಗನ್ನಿಸುವಂತೆ ಅವನಿಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದೇ.

2020ರ ಬಿಸಿ ಇನ್ನೂ ಎಲ್ಲರ ಮನಸ್ಸಲ್ಲಿತ್ತು ಅನ್ನುವುದೂ ಒಂದು. ಆ ವರ್ಷ ಫೆಬ್ರವರಿ ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಅನ್ನುವ ಗಾಳಿಮಾತು ಹಬ್ಬಿ ದರ ನೆಲಕಚ್ಚಿತು. ಅದರ ಬೆನ್ನಲ್ಲೇ ಪಕ್ಕದ ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿ, ಮೈಸೂರಿನಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಹಕ್ಕಿಜ್ವರ ಬಂದಾಗ ಸುತ್ತಲಿನ ಒಂದು ಕಿಲೋಮೀಟರ್‌ನಲ್ಲಿ ಇರುವ ಕೋಳಿಯನ್ನೆಲ್ಲ ಕೊಲ್ಲುತ್ತಾರೆ. ಕೊಂದ ಕೋಳಿಗೆ ಸರ್ಕಾರ ಪರಿಹಾರ ಕೊಡುತ್ತದೆ. ದೂರದ ಊರಲ್ಲಿ ವ್ಯಾಪಾರ ನಿಂತು ಸೋತವನಿಗೆ ಅದು ಸಿಗುವುದಿಲ್ಲ.

ಸ್ವರ್ಣಧಾರ, ಗಿರಿರಾಜ

ಬ್ರಾಯ್ಲರ್ ಬಿಟ್ಟ ಮೇಲೆ ಉಳಿದದ್ದು ಹಿತ್ತಲ ತಳಿಗಳು. ನಮ್ಮ ಊರಿನ ನಾಟಿ ಹೇಟೆ, ಅಂದರೆ ಹೆಣ್ಣು ಕೋಳಿ, ವರ್ಷಕ್ಕೆ ಅರವತ್ತರ ಆಸುಪಾಸು ಮೊಟ್ಟೆ ಇಟ್ಟು, ನಡುನಡುವೆ ಕಾವಿಗೆ ಕೂತುಬಿಡುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಸ್ವರ್ಣಧಾರ ಚೆನ್ನಾಗಿ ನೋಡಿಕೊಂಡರೆ ನೂರ ಎಂಬತ್ತರ ಹತ್ತಿರ ಇಡುತ್ತದೆ. ಅಲ್ಲಿಯದೇ ಇನ್ನೊಂದು ತಳಿ ಗಿರಿರಾಜ ಮೈ ತುಂಬಿಕೊಂಡು ಬೇಗ ಬೆಳೆಯುತ್ತದೆ, ಬಣ್ಣಬಣ್ಣದ್ದು. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಲ್ಲಿ ಕಾವೇರಿ ಅನ್ನುವ ತಳಿ ಸಿಗುತ್ತದೆ.

ಹುಡುಗ ಒಂದು ಸಣ್ಣ ತರಬೇತಿ ಮುಗಿಸಿಕೊಂಡು, ಸ್ವರ್ಣಧಾರ ಮತ್ತು ಗಿರಿರಾಜ ಸೇರಿಸಿ ಇನ್ನೂರು ಮರಿಗೆ ಬುಕ್ ಮಾಡಿದ. ಒಂದು ದಿನದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ. ಎರಡು ದಿನ ಅದೇ ಅವಕ್ಕೆ ಬುತ್ತಿ. ಹಾಗಾಗಿ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬೆಂಗಳೂರಿಂದ ರಾತ್ರಿ ಪ್ರಯಾಣ ಮಾಡಿದರೂ ಅವು ಬದುಕುತ್ತವೆ. ಮನೆಯ ಹಳೇ ಕೊಟ್ಟಿಗೆಯ ಪಕ್ಕ ಅಡಿಕೆ ದಬ್ಬೆ, ಕಾಡುಮರದ ಕಂಬ, ತಗಡಿನ ಮಾಡು ಸೇರಿಸಿ ನಾನೂರು ಅಡಿಯ ಗೂಡು ಎದ್ದಿತ್ತು. ಮರ ಮನೆಯದೇ. ಆದರೂ ಬಲೆ, ತಗಡು, ಆಳು ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಹೋಯಿತು. ತರಬೇತಿಯ ಜಾಗದಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಮಾಡಿದ್ದ. ಗೂಡು ಪೂರ್ವ ಪಶ್ಚಿಮಕ್ಕೆ ಉದ್ದ, ನೆಲ ಎತ್ತರ, ಎರಡೂ ಬದಿ ಬಲೆ.

ಮರಿ ಬಂದದ್ದು ಮೇ ತಿಂಗಳ ಕೊನೆಯ ವಾರ.

ಜೂನ್‌ನಲ್ಲಿ ಆದದ್ದು

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಇದಕ್ಕೆ ಥರ್ಮಾಮೀಟರ್ ನೋಡುವುದಕ್ಕಿಂತ ಮರಿ ನೋಡುವುದೇ ವಾಸಿ. ಬಲ್ಬಿನ ಕೆಳಗೆ ಗುಪ್ಪೆಯಾಗಿ ಚೀ ಚೀ ಅನ್ನುತ್ತಿದ್ದರೆ ಚಳಿ. ತಗಡಿನ ಸುತ್ತುಗೋಡೆಗೆ ಒತ್ತಿಕೊಂಡು ಬಾಯಿ ಕಳೆದಿದ್ದರೆ ಸೆಕೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು ಮೇಯುತ್ತಾ, ಕೆಲವು ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ ಅಂತ. ಸುತ್ತುಗೋಡೆಯನ್ನು ದುಂಡಗೆ ಕಟ್ಟುವುದಕ್ಕೂ ಕಾರಣ ಇದೆ. ಮೂಲೆ ಇದ್ದರೆ ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ.

ಜೂನ್ ಮೊದಲ ವಾರ ಗಾಳಿಮಳೆಗೆ ಕಂಬ ಬಿತ್ತು. ಕರೆಂಟು ಹೋಯಿತು. ಮಲೆನಾಡಲ್ಲಿ ಮಳೆಗಾಲದ ಕರೆಂಟು ಹೋದರೆ ಗಂಟೆಯ ಲೆಕ್ಕ ಅಲ್ಲ, ದಿನದ ಲೆಕ್ಕ. ಇನ್ವರ್ಟರ್ ಅಷ್ಟು ಬಲ್ಬನ್ನು ಎಳೆಯಲಿಲ್ಲ. ಇದ್ದಿಲಿನ ಒಲೆ ಇಡಬೇಕೆಂದು ಹೊಳೆಯುವಷ್ಟರಲ್ಲಿ ಬೆಳಗಾಗಿತ್ತು. ದುಂಡಗಿನ ಗೋಡೆ ಇದ್ದರೂ ನಡುವೆಯೇ ರಾಶಿ ಬಿದ್ದಿದ್ದವು. ಒಂದು ರಾತ್ರಿಗೆ ಮೂವತ್ತಕ್ಕೂ ಹೆಚ್ಚು ಹೋದವು.

ಉಳಿದವು ಚೇತರಿಸಿಕೊಂಡು ಬೆಳೆದವು. ಜೂನ್ ಕೊನೆಗೆ ನಾಲ್ಕು ವಾರವಾದಾಗ ರಕ್ತಭೇದಿ ಶುರುವಾಯಿತು. ಹಿಕ್ಕೆಯಲ್ಲಿ ರಕ್ತ, ರೆಕ್ಕೆ ಇಳಿಬಿಟ್ಟು ತೂಕಡಿಸುವ ಮರಿಗಳು. ಇದು ಕಾಕ್ಸಿಡಿಯಾ ಅನ್ನುವ ಜೀವಿಯಿಂದ ಬರುವ ರೋಗ. ಮೂರರಿಂದ ಐದು ವಾರದ ಮರಿಗಳಿಗೆ ಜಾಸ್ತಿ ತಗಲುತ್ತದೆ, ಅದು ಬೆಳೆಯಲು ಒದ್ದೆ ಹೊಟ್ಟು ಇದ್ದರೆ ಸಾಕು. ನೀರಿಗೆ ಆಂಪ್ರೋಲಿಯಂ ಹಾಕಿ ಕೊಡಲು ಡಾಕ್ಟರು ಹೇಳಿದರು. ರೋಗ ನಿಂತಿತು. ಅಷ್ಟರಲ್ಲಿ ಇನ್ನೂರರಲ್ಲಿ ಉಳಿದದ್ದು ನೂರ ಹತ್ತು ಚಿಲ್ಲರೆ. ಇಡೀ ಬ್ಯಾಚಿನ ಖರ್ಚೆಲ್ಲ ಅದರ ಮೇಲೇ ಬಿತ್ತು.

ಹೊಟ್ಟು ಒದ್ದೆಯಾದದ್ದು ಹೇಗೆ? ಮಾಡು ಸೋರಿರಲಿಲ್ಲ. ಇರಚಲು. ಬಯಲುಸೀಮೆಯ ಗೂಡಿಗೆ ಮೂರಡಿ ಮಾಡು ಮುಂದೆ ಚಾಚಿದರೆ ಸಾಕಾಗಬಹುದು. ಇಲ್ಲಿ ನೈಋತ್ಯದಿಂದ ಮಳೆ ಅಡ್ಡಡ್ಡ ಹೊಡೆಯುತ್ತದೆ. ಜೊತೆಗೆ ಗಾಳಿಯಲ್ಲೇ ಇರುವ ತೇವ. ಪ್ಲಾಸ್ಟಿಕ್ ಪರದೆ ಪೂರ್ತಿ ಇಳಿಸಿದರೆ ಮಳೆ ಒಳಗೆ ಬರಲ್ಲ, ಆದರೆ ಹಿಕ್ಕೆಯ ಆವಿಯೂ ಹೊರಗೆ ಹೋಗಲ್ಲ. ಬಾಗಿಲಲ್ಲಿ ನಿಂತು ಮೂಸಿದರೆ ಏನೂ ಗೊತ್ತಾಗುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಕೋಳಿಯ ಎತ್ತರಕ್ಕೆ ಮುಖ ತಂದರೆ ಕಣ್ಣು ಉರಿಯುತ್ತದೆ. ಅವು ಹಗಲೂ ರಾತ್ರಿ ಕುಡಿಯುವ ಗಾಳಿ ಅದೇ, ಅಲ್ವಾ?

ಬದಲಾದದ್ದು ಏನು

ಅಮ್ಮ ಆಡಿದ ಮಾತು ಖಾರವಾಗಿತ್ತು. "ಎಂತಾ ಮಾರಾಯಾ, ಮಳೆ ಹಿಡಿಯೋ ಹೊತ್ತಿಗೆ ಯಾರಾದ್ರೂ ಮರಿ ಮಾಡಿಸ್ತಾರಾ? ನಮ್ಮ ಹೇಟೆ ಆ ಹೊತ್ತಿಗೆ ಕಾವಿಗೆ ಕೂತ್ರೂ ಎಬ್ಬಿಸಿ ಓಡಿಸ್ತಿದ್ದೆ." ತರಬೇತಿಯಲ್ಲಿ ಶಾಖ, ಜಾಗ, ಲಸಿಕೆ ಎಲ್ಲ ಹೇಳಿಕೊಟ್ಟಿದ್ದರು. ಹುಲಿಕಲ್ಲು, ಆಗುಂಬೆಯ ಮಳೆಗೆ ಹೊಂದುವ ಪಂಚಾಂಗ ಯಾವ ಪುಸ್ತಕದಲ್ಲೂ ಇರಲಿಲ್ಲ.

ಈಗ ಅವನ ಮನೆಗೆ ಮರಿ ಬರುವುದು ವರ್ಷಕ್ಕೆ ಎರಡೇ ಸಲ. ಒಂದು ಮಳೆ ಇಳಿಮುಖವಾದ ಸೆಪ್ಟೆಂಬರ್‌ನಲ್ಲಿ, ಇನ್ನೊಂದು ಜನವರಿಯಲ್ಲಿ. ಜೂನ್ ಬರುವಾಗ ಗೂಡಲ್ಲಿ ಇರುವುದು ಬಲಿತ ಹೇಟೆಗಳು ಮಾತ್ರ. ಅವು ತೇವವನ್ನು ಮರಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಎರಡು ಇದ್ದಿಲಿನ ಒಲೆ ಮೊದಲೇ ತಯಾರಿರುತ್ತವೆ. ಒಲೆ ಇಟ್ಟಾಗ ಮೇಲುಗಡೆ ಹೊಗೆ ಹೋಗುವ ಕಿಂಡಿ ತೆರೆದಿರಲೇಬೇಕು, ಇಲ್ಲದಿದ್ದರೆ ಚಳಿಗೆ ಸಾಯದ ಮರಿ ಹೊಗೆಗೆ ಸಾಯುತ್ತದೆ.

ಹೊಟ್ಟನ್ನು ಏಪ್ರಿಲ್‌ನಲ್ಲೇ ಅಕ್ಕಿ ಮಿಲ್ಲಿನಿಂದ ತಂದು ಅಟ್ಟಕ್ಕೆ ಏರಿಸುತ್ತಾನೆ. ಮಳೆಗಾಲದಲ್ಲಿ ದಿನಾ ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯುತ್ತಾನೆ. ಕೈ ಬಿಟ್ಟ ಮೇಲೂ ಉಂಡೆ ಹಾಗೇ ನಿಂತರೆ ತೇವ ಜಾಸ್ತಿ. ಕೂಡಲೇ ಸುಣ್ಣದ ಪುಡಿ ಎರಚಿ ಗೋರುತ್ತಾನೆ, ಮೇಲೆ ಒಣ ಹೊಟ್ಟು. ನೀರಿನ ಡಬ್ಬದ ಸುತ್ತಲೇ ಮೊದಲು ಒದ್ದೆಯಾಗುವುದು, ಹಾಗಾಗಿ ಡಬ್ಬಗಳನ್ನು ಇಟ್ಟಿಗೆಯ ಮೇಲೆ ಕೋಳಿಯ ಬೆನ್ನಿನ ಮಟ್ಟಕ್ಕೆ ಏರಿಸಿದ್ದಾನೆ. ನೈಋತ್ಯದ ಬದಿಗೆ ಪ್ಲಾಸ್ಟಿಕ್ ತೆಗೆದು ಅಡಿಕೆ ಸೋಗೆಯ ತಟ್ಟಿ ಕಟ್ಟಿದ. ಮಳೆಗಾಲಕ್ಕೆ ಮನೆಯ ಜಗಲಿಗೆ ಅಜ್ಜಂದಿರು ಕಟ್ಟುತ್ತಿದ್ದದ್ದೇ ಅದು. ಇರಚಲು ತಡೆಯುತ್ತದೆ, ಗಾಳಿ ಆಡುತ್ತದೆ. ದುಡ್ಡೂ ಖರ್ಚಿಲ್ಲ.

ಲಸಿಕೆಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಔಷಧಿ ಇಲ್ಲ, ಲಸಿಕೆ ಮಾತ್ರ. ಮೊದಲ ವಾರ ಕಣ್ಣಿಗೆ ಒಂದು ಹನಿ ಲಸೋಟ ಅನ್ನುವ ಅದರ ಲಸಿಕೆ, ಎರಡನೇ ವಾರ ಗುಂಬೊರೊ ಅನ್ನುವ ಇನ್ನೊಂದು ರೋಗದ ಲಸಿಕೆ, ನಾಲ್ಕನೇ ವಾರದ ಹೊತ್ತಿಗೆ ಮತ್ತೆ ಲಸೋಟ, ಎಂಟು ವಾರಕ್ಕೆ ಕೊಕ್ಕರೆ ರೋಗದ್ದೇ ಆರ್‌2ಬಿ ಚುಚ್ಚುಮದ್ದು. ಲಸಿಕೆಯ ಸೀಸೆ ಬರುವುದೇ ನೂರು, ಇನ್ನೂರು ಕೋಳಿಗೆ ಆಗುವಷ್ಟು. ಐಸ್ ಇಟ್ಟ ಥರ್ಮಾಸ್‌ನಲ್ಲಿ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲುವುದೇ. ಮನೆಯಲ್ಲಿ ಹತ್ತು ಹನ್ನೆರಡು ಕೋಳಿ ಸಾಕಿದವರು ಅದಕ್ಕೇ ಲಸಿಕೆಯ ತಂಟೆಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ರೋಗ ಬಂತೆಂದರೆ ಕೇರಿಯ ಕೋಳಿಯೆಲ್ಲ ಖಾಲಿ.

ಹುಡುಗನ ಗೂಡಿಗೆ ರೋಗ ಬರಬಹುದಾದ ದಾರಿಯೂ ಅದೇ. ಪಕ್ಕದ ಮನೆಯ ಕೋಳಿ ಬೇಲಿ ನುಸುಳಿ ಬರುತ್ತದೆ, ರೋಗ ಜನರ ಕಾಲಿಗೆ ಅಂಟಿಕೊಂಡೂ ಬರುತ್ತದೆ. ಎಷ್ಟೇ ಬಲೆ ಕಟ್ಟಿದರೂ ಕೇರಿಯ ಕೋಳಿಗೆ ರೋಗ ಬಂದರೆ ತಾನು ಉಳಿಯುವುದು ಕಷ್ಟ ಅಂತ ಅವನಿಗೆ ಹೊಳೆಯಿತು. ತನ್ನ ಬ್ಯಾಚಿಗೆ ಆರ್‌2ಬಿ ಹಾಕುವ ದಿನ ಉಳಿದ ಮದ್ದನ್ನು ಹಿಡಿದುಕೊಂಡು ಅಕ್ಕಪಕ್ಕದ ಮನೆಗಳಿಗೆ ಹೋದ. ಬೆಳಿಗ್ಗೆ ಕೋಳಿ ಒಡ್ಡಿಯ ಬಾಗಿಲು ತೆಗೆಯುವ ಮೊದಲೇ ಹೋಗಬೇಕು. ಒಮ್ಮೆ ಹೊರಗೆ ಬಿಟ್ಟರೆ ನಾಟಿ ಕೋಳಿ ಹಿಡಿಯುವುದು ಯಾರಿಂದ ಸಾಧ್ಯ? ಮೊದಲ ಸಲ, ಚುಚ್ಚಿದರೆ ಮೊಟ್ಟೆ ನಿಲ್ಲುತ್ತದೆ ಅಂತ ಇಬ್ಬರು ಬೇಡ ಅಂದರು. ಮುಂದಿನ ಸಲ ಅವರೇ ಕರೆದರು. ಅವನು ದುಡ್ಡು ತಗೊಳ್ಳುವುದಿಲ್ಲ. ಸುಮ್ನೆ ಪರೋಪಕಾರ ಅಂತ ತಿಳಿಯಬೇಡಿ, ತನ್ನ ಗೂಡಿಗೆ ಹಾಕಿಕೊಂಡ ಬೇಲಿ ಅದು.

ಮುಂಗುಸಿ, ಕಬ್ಬೆಕ್ಕು, ಹೆಬ್ಬಾವಿನ ಕಾಟ ಇದ್ದದ್ದೇ. ಬಲೆಯ ಬುಡಕ್ಕೆ ಒಂದಡಿ ಆಳ ಕಲ್ಲು ತುಂಬಿದ ಮೇಲೆ ಕಮ್ಮಿಯಾಯಿತು.

ಮಾರುವುದು, ಮತ್ತು ಮೊಟ್ಟೆಯ ದುಡ್ಡು

ಒಂದು ಕೋಳಿಯ ಲೆಕ್ಕ ನೋಡಿ. ಮರಿಗೆ 30 ರೂಪಾಯಿ. ಹನ್ನೆರಡು ವಾರಕ್ಕೆ ಒಂದೂವರೆ ಕಿಲೋ ಆಗಲು ನಾಲ್ಕು ಕಿಲೋ ಆಹಾರ, ಕಿಲೋಗೆ 37ರಂತೆ 150 ರೂಪಾಯಿ. ಲಸಿಕೆ, ಔಷಧಿ, ಇದ್ದಿಲು, ಸತ್ತ ಮರಿಯ ಪಾಲು ಸೇರಿ ಇನ್ನೊಂದು 35. ಒಟ್ಟು 215. ಖರ್ಚಿನ ಶೇಕಡ 70ರಷ್ಟು ಆಹಾರಕ್ಕೇ ಹೋಯಿತು. ಎಥೆನಾಲ್‌ಗೆ ಮೆಕ್ಕೆಜೋಳ ಹೋಗತೊಡಗಿದ ಮೇಲೆ ಕೋಳಿ ಆಹಾರ ತುಟ್ಟಿಯಾಗಿದೆ. ಮೆಕ್ಕೆಜೋಳದ ಬೆಂಬಲ ಬೆಲೆಯೇ 2023-24ರಲ್ಲಿ ಕ್ವಿಂಟಾಲ್‌ಗೆ 2,090 ಇದ್ದದ್ದು 2025-26ಕ್ಕೆ 2,400 ಆಗಿದೆ. ಬೆಳೆಯುವ ಶಿಕಾರಿಪುರದ ರೈತನಿಗೆ ಒಳ್ಳೆಯದೇ, ಕೊಳ್ಳುವ ಈ ಹುಡುಗನಿಗೆ ಹೊರೆ.

ಪೇಟೆಯ ವ್ಯಾಪಾರಿ ಮನೆ ಬಾಗಿಲಿಗೆ ಬಂದು ಕಿಲೋಗೆ 150 ಕೊಡುತ್ತಾನೆ. ಒಂದೂವರೆ ಕಿಲೋಗೆ 225. ಹತ್ತು ರೂಪಾಯಿಗಾಗಿ ಮೂರು ತಿಂಗಳು ಸಾಕಿದ ಹಾಗಾಯಿತು! ನೇರ ಗಿರಾಕಿಗೆ ಕೊಟ್ಟರೆ 220, ಅಂದರೆ ಕೋಳಿಗೆ 330. ಕಸುಬು ನಿಂತಿರುವುದು ಈ ವ್ಯತ್ಯಾಸದ ಮೇಲೆ. ಇದಕ್ಕೆ ಅವನು ಮಾಡಿದ್ದು ಸರಳ. ಒಂದು ವಾಟ್ಸ್‌ಆ್ಯಪ್ ಗುಂಪು, ಭಾನುವಾರಕ್ಕೆ ಶುಕ್ರವಾರವೇ ಆರ್ಡರ್, ಬೈಕಿನ ಹಿಂದೆ ಬುಟ್ಟಿ. ಶ್ರಾವಣದಲ್ಲಿ ಕೇಳುವವರಿಲ್ಲ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಒಳ್ಳೆ ವ್ಯಾಪಾರ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಎಷ್ಟಿದ್ದರೂ ಸಾಲದು.

ಚೌಡಿಗೆ, ಭೂತಕ್ಕೆ ಹರಕೆ ಕೊಡುವವರು ತೂಕ ಕೇಳುವುದೇ ಇಲ್ಲ. ಬಣ್ಣ ಕೇಳುತ್ತಾರೆ. ಕೆಂಪು ಹುಂಜ ಬೇಕು, ಜುಟ್ಟು ಚೆನ್ನಾಗಿರಬೇಕು, ಒಂದು ಗರಿಯೂ ಬಿಳಿ ಇರಬಾರದು. ಗಿರಿರಾಜದ ಹುಂಜಗಳಲ್ಲಿ ಅಂಥ ಹತ್ತು ಹದಿನೈದನ್ನು ಆರಿಸಿ ದೀಪಾವಳಿಯವರೆಗೆ ಉಳಿಸಿಕೊಳ್ಳುತ್ತಾನೆ. ಅವು ಕಿಲೋ ಲೆಕ್ಕದಲ್ಲಿ ಅಲ್ಲ, ಒಂದೊಂದಕ್ಕೆ ಇಷ್ಟು ಅಂತ ಹೋಗುತ್ತವೆ. ಆದರೆ ಅದನ್ನು ನಾಟಿ ಅಂತ ಹೇಳಿ ಮಾರುವುದಿಲ್ಲ. ಕಡುಬಿನ ಜೊತೆ ಸಾರು ತಿಂದು ಬೆಳೆದ ಮಲೆನಾಡಿನವರಿಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಒಂದು ಸಲ ಮೋಸ ಅನ್ನಿಸಿದರೆ ಆ ಗುಂಪಿನಿಂದ ಹತ್ತು ಮನೆ ಹೋದಂತೆ.

ಮೊಟ್ಟೆಯದು ಬೇರೆ ಕಥೆ. ಅರವತ್ತು ಹೇಟೆ, ತಲಾ 180 ಮೊಟ್ಟೆ, ವರ್ಷಕ್ಕೆ 10,800. ಹತ್ತು ರೂಪಾಯಿಯಂತೆ ಒಂದು ಲಕ್ಷದ ಎಂಟು ಸಾವಿರ. ಹೇಟೆ ದಿನಕ್ಕೆ 110 ಗ್ರಾಂ ತಿನ್ನುತ್ತದೆ. ಎಲ್ಲವನ್ನೂ ಕೊಂಡರೆ, ಮೊಟ್ಟೆ ಕೋಳಿಯ ಆಹಾರ ಕಿಲೋಗೆ 35 ಹಿಡಿದರೂ, ವರ್ಷಕ್ಕೆ 84 ಸಾವಿರ. ಉಳಿಯುವುದು 24 ಸಾವಿರ ಮಾತ್ರ. ಮನೆಯ ನುಚ್ಚು, ತೊಟ್ಟಿಯಲ್ಲಿ ಬೆಳೆಸಿದ ಅಜೋಲಾ ಅನ್ನುವ ನೀರಸಸ್ಯ, ಸಂಜೆ ತೋಟದಲ್ಲಿ ಬಿಟ್ಟು ಮೇಯಿಸುವುದು ಸೇರಿ ಕಾಲು ಭಾಗ ಉಳಿಸಿದರೆ ಇನ್ನೂ ಇಪ್ಪತ್ತು ಸಾವಿರ ಸಿಗುತ್ತದೆ. ಮುದಿ ಹೇಟೆ ಮಾರಿ ಬಂದದ್ದು ಹೊಸ ಹೇಟೆ ಬೆಳೆಸುವ ಖರ್ಚಿಗೆ ಸರಿಹೋಗುತ್ತದೆ.

ಇಲ್ಲೇ ಮನೆಯೊಳಗೆ ಒಂದು ಮುಸುಕಿನ ಜಗಳ ಎದ್ದದ್ದು. ಮಲೆನಾಡಿನ ಮನೆಗಳಲ್ಲಿ ಅಡಿಕೆ ದುಡ್ಡು ಯಜಮಾನನದು, ಕೋಳಿ ಮೊಟ್ಟೆಯ ದುಡ್ಡು ಹೆಂಗಸರದು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಹಾಗೇ ನಡೆದುಬಂದಿದೆ. ತಂಗಿಯ ಫೀಸು, ಸಂಘದ ಕಂತು, ತವರಿಗೆ ಹೋಗುವಾಗ ಒಂದು ಸೀರೆ, ಎಲ್ಲ ಅದರಿಂದಲೇ. ಮಗ ಫಾರಂ ಮಾಡಿದ ಮೇಲೆ ನಾಟಿ ಕೋಳಿ ಬಿಡುವುದು ನಿಂತಿತು. ಅಮ್ಮನ ಕೈಗೆ ದುಡ್ಡು ಬರುವುದು ನಿಂತಿತು, ಕೆಲಸ ಮಾತ್ರ ಮೂರು ಪಟ್ಟಾಯಿತು. ಹುಡುಗ ತೋಟಕ್ಕೆ ಹೋದ ಹೊತ್ತಲ್ಲಿ ಮೊಟ್ಟೆ ಹೆಕ್ಕುವುದು, ನೀರು ಬದಲಿಸುವುದು ಎಲ್ಲ ಅವರೇ. ಕೆಲವು ತಿಂಗಳು ಬಿಗುಮಾನ ನಡೆದು ಕೊನೆಗೆ ಚಿಕ್ಕಮ್ಮ ಮಧ್ಯ ಬಂದು ತೀರ್ಮಾನ ಮಾಡಿದರು: ಮೊಟ್ಟೆಯದು ಪೂರ್ತಿ ಅಮ್ಮನದು, ಮಾಂಸದ ಕೋಳಿಯದು ಮಗನದು, ಆಹಾರದ ಖರ್ಚು ಅವರವರ ಪಾಲಿಗೆ. ಆ ತೀರ್ಮಾನವಾದ ಮೇಲೆ ಒಡೆಯುವ ಮೊಟ್ಟೆಯೂ ಕಮ್ಮಿಯಾಯಿತು! ಯುವಕರ ಸ್ವಉದ್ಯೋಗ ಅಂತ ನಾವು ಬರೆಯುವಾಗ ಮನೆಯ ಹೆಂಗಸರ ಈ ದುಡಿಮೆ ಯಾವ ಕಾಲಂನಲ್ಲೂ ಕಾಣಿಸುವುದಿಲ್ಲ.

ಈಗ ಎಲ್ಲಿಗೆ ಬಂದಿದೆ

ಎರಡು ಬ್ಯಾಚಿನಿಂದ ಮುನ್ನೂರರಷ್ಟು ಕೋಳಿ ಮಾರಿದರೆ, ವ್ಯಾಪಾರಿಗೆ ಹೋದವನ್ನೂ ಸೇರಿಸಿ, ಮೂವತ್ತು ಸಾವಿರದ ಹತ್ತಿರ ಮಿಗುತ್ತದೆ. ಮೊಟ್ಟೆಯಿಂದ ನಲವತ್ತು ಚಿಲ್ಲರೆ. ಗೊಬ್ಬರವನ್ನು ಶುಂಠಿ ಹಾಕಿದವರು ಚೀಲದ ಲೆಕ್ಕದಲ್ಲಿ ಕೇಳಿಕೊಂಡು ಬರುತ್ತಾರೆ, ಅರ್ಧ ಮಾರಿ ಅರ್ಧ ತೋಟಕ್ಕೆ. ಎಲ್ಲ ಕೂಡಿಸಿದರೆ ವರ್ಷಕ್ಕೆ ಎಪ್ಪತ್ತೈದರಿಂದ ಎಂಬತ್ತು ಸಾವಿರ. ಹನ್ನೆರಡು ಲಕ್ಷ ಸಾಲದ ಬ್ರಾಯ್ಲರ್ ಶೆಡ್ಡು ಕಂತಿನ ವರ್ಷಗಳಲ್ಲಿ ಕೊಡುತ್ತಿದ್ದದ್ದೂ ಹೆಚ್ಚೂಕಮ್ಮಿ ಅಷ್ಟೇ. ಆದರೆ ಇದು ಇಬ್ಬರ ದುಡಿಮೆ, ಕೂಲಿ ಹಿಡಿದಿಲ್ಲ. ಇದೊಂದರಲ್ಲೇ ಮದುವೆ, ಮನೆ, ಮಕ್ಕಳು ಅಂತ ಹೊರಟರೆ ಸಾಲುವುದಿಲ್ಲ. ಒಂದೂವರೆ ಎಕರೆ ತೋಟದ ಜೊತೆಗೆ ಮಾತ್ರ ಇದು ನಿಲ್ಲುತ್ತದೆ.

ದೊಡ್ಡದು ಮಾಡಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇಕಡ 50, ಗರಿಷ್ಠ 25 ಲಕ್ಷ ಸಹಾಯಧನ ಇದೆ. ಅದು ಸಾವಿರ ತಾಯಿಕೋಳಿ, ಹ್ಯಾಚರಿ, ಮರಿ ಸಾಕುವ ಘಟಕ ಎಲ್ಲ ಇರುವ ಫಾರಂಗೆ. ಉಳಿದ ಅರ್ಧ ನಾವೇ ಹೊಂದಿಸಬೇಕು. ಇನ್ನೂರು ಕೋಳಿಯವನಿಗೆ ಅದು ಅಳತೆ ಮೀರಿದ ಅಂಗಿ. ಅವನಿಗೆ ಹೊಂದುವುದು ಪಶುಸಂಗೋಪನೆಗೂ ಸಿಗುವ ಕಿಸಾನ್ ಕ್ರೆಡಿಟ್ ಕಾರ್ಡ್, ಆಹಾರ ಕೊಳ್ಳಲು ಆಗಾಗ ಬೇಕಾಗುವ ದುಡ್ಡಿಗೆ.

ಸಣ್ಣ ಇನ್‌ಕ್ಯುಬೇಟರ್ ತರುವ ಆಸೆಯೂ ಅವನಿಗಿತ್ತು. ಎರಡು ಕಾರಣಕ್ಕೆ ಕೈಬಿಟ್ಟ. 21 ದಿನ ಕರೆಂಟು ತಪ್ಪಬಾರದು. ಮತ್ತೆ ಸ್ವರ್ಣಧಾರದಂಥ ಮಿಶ್ರತಳಿಯ ಮೊಟ್ಟೆಯನ್ನು ನಾವೇ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ಇಳುವರಿ ಉಳಿಯುವುದಿಲ್ಲ. ಹಾಗಾಗಿ ಬೆಂಗಳೂರಿನ ರಾತ್ರಿ ಪ್ರಯಾಣ ತಪ್ಪಿದ್ದಲ್ಲ. ಈಗ ಹತ್ತಿರದ ಊರಿನ ಇನ್ನಿಬ್ಬರು ಹುಡುಗರೂ ಅವನ ಜೊತೆ ಸೇರಿದ್ದಾರೆ. ಮೂವರ ಮರಿಗೆ ಒಂದೇ ಬುಕಿಂಗ್, ಒಂದೇ ಸಲ ಲಸಿಕೆ, ಆಹಾರದ ಲೋಡು ಒಟ್ಟಿಗೆ ತಂದು ಟಾರು ರಸ್ತೆ ಬದಿಯ ಒಬ್ಬನ ಮನೆಯಲ್ಲಿ ಇಳಿಸುವುದು. ಸೆಪ್ಟೆಂಬರ್‌ನ ಮರಿಗೆ ಮುಂಗಡ ಕಟ್ಟಿದ್ದಾರೆ. ಆಹಾರದ ದಾಸ್ತಾನಿಗೆ ಇಲಿ ಬಾರದ ಹಾಗೆ ಏನು ಮಾಡುವುದು, ಬಾಡಿಗೆ ಹೇಗೆ ಹಂಚಿಕೊಳ್ಳುವುದು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.